ನಿದ್ರೆಯಲ್ಲಿ ಎಚ್ಚರವಿರುವ ಅಗ್ನಿ

ಮನುಷ್ಯನು ಮಲಗಿದಾಗ ಅವನೊಳಗೆ ನಿದ್ರಿಸುವುದು ಯಾವುದು, ಎಚ್ಚರವಿರುವುದು ಯಾವುದು ಎಂಬುದು ಪ್ರಶ್ನೋಪನಿಷತ್ತಿನಲ್ಲಿ ಸೌರ್ಯಾಯಣಿ ಗಾರ್ಗ್ಯನು ಕೇಳುವ ನಾಲ್ಕನೆಯ ಪ್ರಶ್ನೆ. ಇಂದ್ರಿಯಗಳೆಲ್ಲ ಮನಸ್ಸಿನಲ್ಲಿ ಒಂದಾಗಿ ಅಡಗಿದ ಮೇಲೆ ದೇಹವೆಂಬ ಪುರದಲ್ಲಿ ಎಚ್ಚರವಿರುವುವು ಪ್ರಾಣಾಗ್ನಿಗಳು ಮಾತ್ರ ಎಂದು ಪಿಪ್ಪಲಾದ ಋಷಿಯು ಉತ್ತರಿಸಿ, ಉಚ್ಛ್ವಾಸ ನಿಶ್ವಾಸಗಳನ್ನು ಎರಡು ಆಹುತಿಗಳೆಂದೂ, ಅವೆರಡನ್ನು ಸಮವಾಗಿ ನಡೆಸುವ ವಾಯುವನ್ನು ಸಮಾನವೆಂದೂ, ಮನಸ್ಸನ್ನು ಯಜಮಾನನೆಂದೂ, ಅಂದರೆ ಯಜ್ಞ ಮಾಡಿಸುವ ಗೃಹಸ್ಥನೆಂದೂ, ವಿವರಿಸುತ್ತಾನೆ. ಹಾಗಾದರೆ ಆ ಆಹುತಿಗಳೇ ನಡುವೆ ತಪ್ಪಿಹೋಗುವ ದೇಹವುಳ್ಳವನು ಕೈಲಾಸ ಪರಿಕ್ರಮೆಗೆ ಹೊರಟಾಗ ಪ್ರಾಣದ ಮೇಲೆ ಭಾರ ಹಾಕಿ ಮಲಗುವುದು ಶ್ರದ್ಧೆಯೋ, ಯಂತ್ರ, ಔಷಧಗಳನ್ನು ಹೊತ್ತು ನಡೆಯುವುದು ಅಶ್ರದ್ಧೆಯೋ ಎಂಬ ಪ್ರಶ್ನೆ ಏಳುತ್ತದೆ.

ಸ್ಲೀಪ್ ಅಪ್ನಿಯಾ ಎಂದರೆ ನಿದ್ರೆಯಲ್ಲಿ ಉಸಿರು ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಮತ್ತೆ ಮತ್ತೆ ನಿಲ್ಲುವ ರೋಗ. ಸಾಮಾನ್ಯವಾಗಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸನಾಳದ ದಾರಿ ಮುಚ್ಚುವುದರಿಂದ ಅದು ಉಂಟಾಗುತ್ತದೆ. ಎತ್ತರದ ಪ್ರದೇಶ ಇದಕ್ಕೆ ಇನ್ನೊಂದು ತೊಡಕನ್ನು ಸೇರಿಸುತ್ತದೆ. ಪರಿಕ್ರಮೆಯ ಮೊದಲ ರಾತ್ರಿ ತಂಗುವ ದಿರಾಪುಕ್ ಸುಮಾರು 5,000 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು. ಆಮ್ಲಜನಕ ಸಾಲದೆ ದೇಹವು ಬೇಗಬೇಗನೆ ಉಸಿರಾಡಿದಂತೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರಾಡಲು ಮಿದುಳಿಗೆ ಸೂಚನೆ ಕೊಡುವುದು ಮುಖ್ಯವಾಗಿ ಆ ಅನಿಲವೇ ಆದ್ದರಿಂದ ಉಸಿರು ಕೆಲವು ಕ್ಷಣ ನಿಂತು, ಆಮ್ಲಜನಕ ಇನ್ನಷ್ಟು ಕುಸಿದಾಗ ಏದುಸಿರಾಗಿ ಮರಳುತ್ತದೆ. ಆರೋಗ್ಯವಂತರಲ್ಲೂ ಕಾಣುವ ಈ ಏರಿಳಿತದಲ್ಲಿ ಗಂಟಲು ತೆರೆದೇ ಇರುತ್ತದೆ, ಉಸಿರೆಳೆಯುವ ಪ್ರೇರಣೆಯೇ ಇರುವುದಿಲ್ಲ. ರೋಗಿಗೆ ಎರಡೂ ಕೂಡಿಬರಬಹುದು.

ಉಪನಿಷತ್ತಿನ ಪ್ರಾಣವನ್ನು ಶ್ವಾಸಕೋಶದ ಗಾಳಿಯೊಂದಿಗೆ ಸಮೀಕರಿಸುವುದು ಸರಿಯಲ್ಲ, ಏಕೆಂದರೆ ಅಲ್ಲಿ ಪ್ರಾಣವು ದೇಹವನ್ನು ಧರಿಸಿರುವ ಶಕ್ತಿ, ಉಸಿರು ಅದರ ಒಂದು ವ್ಯಾಪಾರ ಮಾತ್ರ. ಆದರೂ ಋಷಿಯು ಆರಿಸಿಕೊಂಡ ರೂಪಕವನ್ನು ಲಘುವಾಗಿ ಕಾಣುವಂತಿಲ್ಲ. ನಿದ್ರೆಯ ಕಾವಲುಗಾರನನ್ನು ಅವನು ಕಲ್ಲಿಗೋ ಆಕಾಶಕ್ಕೋ ಹೋಲಿಸದೆ ಗಾರ್ಹಪತ್ಯಾದಿ ಅಗ್ನಿಗಳಿಗೆ ಹೋಲಿಸಿದ್ದಾನೆ; ಗಾರ್ಹಪತ್ಯವೆಂದರೆ ಗೃಹಸ್ಥನು ಮನೆಯಲ್ಲಿ ಆರದಂತೆ ಕಾಪಾಡಿಕೊಂಡು ಬರಬೇಕಾದ ಬೆಂಕಿ, ಅದು ತಾನಾಗಿ ಉರಿಯುತ್ತದೆಂದು ನಂಬಿ ಕೈಕಟ್ಟಿ ಕೂರುವುದನ್ನು ಯಾವ ಅಗ್ನಿಹೋತ್ರಿಯೂ ಭಕ್ತಿಯೆಂದು ಕರೆಯಲಾರನು. ಯಜಮಾನನಾದ ಮನಸ್ಸು ರಾತ್ರಿ ಅಡಗಿಹೋಗುವುದರಿಂದ ಸಮಿಧೆಯನ್ನು ಹಗಲಿನಲ್ಲೇ ಒದಗಿಸಿಡಬೇಕು.

ಆ ಸಿದ್ಧತೆ ವಿವರಗಳಲ್ಲಿದೆ. ಸಿಪ್ಯಾಪ್, ಅಂದರೆ ಮುಖವಾಡದ ಮೂಲಕ ಒತ್ತಡದ ಗಾಳಿಯನ್ನು ಹಾಯಿಸಿ ಗಂಟಲನ್ನು ತೆರೆದಿಡುವ ಯಂತ್ರ, ಎಷ್ಟು ಎತ್ತರದವರೆಗೆ ಸರಿಯಾಗಿ ಕೆಲಸ ಮಾಡುತ್ತದೆಂಬುದನ್ನು ಮೊದಲೇ ತಿಳಿದಿರಬೇಕು. ಅದರ ಬ್ಯಾಟರಿ ಚಳಿಯಲ್ಲಿ ಸೊರಗುವುದರಿಂದ ಮೈಬಿಸಿಯಲ್ಲಿಟ್ಟು ಒಯ್ಯಬೇಕು. ಗಂಟಲು ತೆರೆದಿದ್ದರೂ ಉಸಿರಿನ ಪ್ರೇರಣೆ ತಪ್ಪುವುದನ್ನು ಆ ಯಂತ್ರವೊಂದೇ ಸರಿಪಡಿಸಲಾರದು. ಅದಕ್ಕೆ ವೈದ್ಯರು ಅಸಿಟಜೋಲಮೈಡ್ ಕೊಡುವುದುಂಟು. ಅದು ಮೂತ್ರಪಿಂಡಗಳಿಂದ ಬೈಕಾರ್ಬನೇಟನ್ನು ಹೊರಹಾಕಿಸಿ, ರಕ್ತವನ್ನು ತುಸು ಆಮ್ಲೀಯಗೊಳಿಸಿ, ಉಸಿರಾಟವನ್ನು ಚುರುಕುಗೊಳಿಸುತ್ತದೆ. ಮದ್ಯ, ನಿದ್ರೆಮಾತ್ರೆಗಳನ್ನು ದೂರವಿಟ್ಟು, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸದೆ ಏರುವುದು ಇವೆಲ್ಲಕ್ಕಿಂತ ಮುಖ್ಯ.

ಕಷ್ಟವೇ ತಪಸ್ಸು, ದೇಹವನ್ನು ದಂಡಿಸಿದಷ್ಟೂ ಪುಣ್ಯ ಎಂಬ ವಾದ ಯಾತ್ರಿಕರಲ್ಲಿ ಬಲವಾಗಿಯೇ ಇದೆ. ಆದರೆ ಗೀತೆಯ 17ನೆಯ ಅಧ್ಯಾಯವು ದೇಹದ ಭೂತಗಳನ್ನು ಹಿಂಸಿಸುವ ಘೋರ ತಪಸ್ಸನ್ನು ಆಸುರವೆಂದೇ ಎಣಿಸುತ್ತದೆ. ಪರಿಕ್ರಮೆಯ ದಾರಿಯಲ್ಲಿ ಸುಮಾರು 5,600 ಮೀಟರ್ ಎತ್ತರದ ದೋಲ್ಮಾ ಲಾ ಕಣಿವೆಮಾರ್ಗವನ್ನು ದಾಟಲಾಗದೆ, ವೈದ್ಯರ ಮಾತು ಕೇಳಿ ಮಾನಸ ಸರೋವರದ ದಡದಿಂದಲೇ ಕೈಲಾಸಕ್ಕೆ ಕೈಮುಗಿದು ಹಿಂದಿರುಗುವವನ ಯಾತ್ರೆಯನ್ನು ಅಪೂರ್ಣವೆಂದು ಕರೆಯುವುದು ಈ ದೃಷ್ಟಿಯಿಂದ ಅನ್ಯಾಯ. ಅವನು ಕೆಳಗಿಳಿದು ಮಲಗಿದ ರಾತ್ರಿ, ಎರಡು ಆಹುತಿಗಳು ಮತ್ತೆ ಸಮವಾಗಿ ಬೀಳುವುದನ್ನು ಪಕ್ಕದಲ್ಲಿ ಎಚ್ಚರವಿರುವ ಸಹಯಾತ್ರಿಕನು ಕೇಳಿಸಿಕೊಳ್ಳಬಲ್ಲನು.