ರೆಪ್ಪೆಯ ಕಾವಲು

ಯಾರನ್ನಾದರೂ ಬಹಳ ಜೋಪಾನವಾಗಿ ನೋಡಿಕೊಂಡರೆ ‘ರೆಪ್ಪೆ ಕಣ್ಣನ್ನು ಕಾಯುವಂತೆ’ ಕಾದರು ಎನ್ನುವುದುಂಟು. ಆ ರೆಪ್ಪೆಯನ್ನೇ ಸಣ್ಣ ತಂತಿಯ ಸಾಧನದಿಂದ ಅಗಲಿಸಿ ಹಿಡಿದು ಮಾಡುವ ಚಿಕಿತ್ಸೆಯೊಂದು ಈಗ ನಮ್ಮ ಪಟ್ಟಣಗಳಲ್ಲಿ ಸಾಮಾನ್ಯವಾಗಿದೆ: ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆ. ಕನ್ನಡಕ ಹಾಕಿಕೊಂಡರೆ ಚೆನ್ನಾಗಿಯೇ ಕಾಣುವ, ರೋಗವಿಲ್ಲದ ಕಣ್ಣನ್ನು ಹೀಗೆ ಕೊಯ್ಯುವುದು ಯುಕ್ತವೆ? ಕೇಳಬೇಕಾದ ಪ್ರಶ್ನೆಯೇ.

ಈ ವಿದ್ಯೆಗೆ ದಾರಿ ಮಾಡಿದವರಲ್ಲಿ ಒಬ್ಬರು ಮದರಾಸಿನಲ್ಲಿ ಓದಿ ಅಮೆರಿಕೆಗೆ ಹೋದ ರಂಗಸ್ವಾಮಿ ಶ್ರೀನಿವಾಸನ್. 1981ರಲ್ಲಿ ಹಬ್ಬದ ಊಟದಲ್ಲಿ ಮಿಕ್ಕ ಟರ್ಕಿ ಕೋಳಿಯ ಮೇಲೆ ಅವರು ನೇರಳಾತೀತ ಲೇಸರನ್ನು ಹಾಯಿಸಿ ನೋಡಿದರು. ಬೆಳಕು ತಾಗಿದಷ್ಟೇ ಹೋಯಿತು. ಸುತ್ತಣ ಭಾಗ ಸುಡಲಿಲ್ಲ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯವನ್ನು ಇಂದು ಹಾಗೆಯೇ ಸವೆಸಿ ತಿದ್ದುತ್ತಾರೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಮೇಜಿನ ಮೇಲೆ ಮಲಗಿದವರಿಗೆ ಕಣ್ಣನ್ನು ಮರಗಟ್ಟಿಸುವ ಹನಿ ಹಾಕುತ್ತಾರೆ; ಮನಸ್ಸು ಎಚ್ಚರವಾಗಿಯೇ ಇರುತ್ತದೆ. ಲೇಸಿಕ್ ವಿಧಾನದಲ್ಲಿ ಮೊದಲು ಒಂದು ಬಳೆ ಕಣ್ಣನ್ನು ಒತ್ತಿ ಹಿಡಿಯುತ್ತದೆ. ಕೆಲವು ಕ್ಷಣ ನೋಟ ಮಸುಕಾಗುತ್ತದೆ, ಕತ್ತಲೆಯೂ ಕವಿಯಬಹುದು. ಬಳಿಕ ಕಾರ್ನಿಯದ ಮೇಲ್ಪದರವನ್ನು ಪುಸ್ತಕದ ಹಾಳೆಯಂತೆ ಮಗುಚಿ ಲೇಸರ್ ಹಾಯಿಸುತ್ತಾರೆ. ಟಕಟಕ ಸದ್ದು, ಕೂದಲು ಸುಟ್ಟಂಥ ವಾಸನೆ, ಎದುರಿಗೆ ದಿಟ್ಟಿಸಬೇಕಾದ ಒಂದು ಮಿನುಗು ದೀಪ. ಲೇಸರ್ ತಾಗುವ ಹೊತ್ತು ಸಾಮಾನ್ಯವಾಗಿ ಕಣ್ಣಿಗೆ ಒಂದು ನಿಮಿಷಕ್ಕೂ ಕಡಿಮೆ. ಆಮೇಲೆ ಕೆಲವು ಗಂಟೆ ಉರಿ, ನೀರು, ಮರಳು ಬಿದ್ದಂಥ ಕಿರಿಕಿರಿ. ಕಣ್ಣನ್ನು ಉಜ್ಜಕೂಡದು.

ಇದನ್ನೆಲ್ಲ ಮೊದಲೇ ಹೇಳಿದ್ದರೆ ಆ ವಾಸನೆ ಬರಿಯ ವಾಸನೆ. ಹೇಳದಿದ್ದರೆ ತನ್ನ ಕಣ್ಣೇ ಸುಟ್ಟುಹೋಯಿತೆಂಬ ದಿಗಿಲು. ಆದರೆ ಹೇಳಬೇಕಾದದ್ದು ಇಷ್ಟೇ ಅಲ್ಲ. ಕಣ್ಣು ತಿಂಗಳುಗಟ್ಟಲೆ ಒಣಗಬಹುದು. ಕೆಲವರಿಗೆ ಅದು ಉಳಿದೂ ಬಿಡಬಹುದು. ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣಬಹುದು. ಕಾರ್ನಿಯ ತೀರ ತೆಳುವಾಗಿರುವವರಿಗೆ, ಶಂಕುವಿನಂತೆ ಉಬ್ಬುತ್ತಿರುವವರಿಗೆ ಇದು ಸಲ್ಲದು. ಇನ್ನು ಚಾಳೀಸು: ನಲವತ್ತೆಂಬ ಲೆಕ್ಕ ಅದರ ಹೆಸರಿನಲ್ಲಿಯೇ ಇದೆ. ದೂರದ ನೋಟವನ್ನು ತಿದ್ದಿದ ಲೇಸರು ಆ ಲೆಕ್ಕವನ್ನು ಅಳಿಸಲಾರದು.

ನೋವಿನಿಂದ ವೈದ್ಯರ ಬಳಿಗೆ ಬರುವವರಿಗೆ ಆಯ್ಕೆ ಕಡಿಮೆ. ಇಲ್ಲಿಗೆ ಬರುವವರು ಆಸೆಯಿಂದ ಬರುತ್ತಾರೆ. ಆಸೆ ತಪ್ಪಲ್ಲ, ಮಳೆಯಲ್ಲಿ ಗಾಜು ಒರೆಸಿ ಒರೆಸಿ ಬೇಸತ್ತವರು ಅದನ್ನು ಬಲ್ಲರು. ಆದರೆ ಆಸೆಯುಳ್ಳವರು ಬೇಗ ನಂಬುತ್ತಾರೆ. ವೈದ್ಯರ ಹೊಣೆ ಹೆಚ್ಚುವುದು ಅದರಿಂದಲೇ. ಪರೀಕ್ಷೆ ಮಾಡಿ, ‘ನಿಮಗೆ ಇದು ಬೇಡ, ಕನ್ನಡಕವೇ ಸಾಕು’ ಎಂದು ಕಳಿಸಿದ ವೈದ್ಯರಿಗೆ ಆ ದಿನ ಹಣ ನಷ್ಟ. ಆದರೆ ಅವರು ಮಾಡಿದ್ದೂ ಚಿಕಿತ್ಸೆಯೇ. ಹಾಗೆ ಹೇಳಬಲ್ಲವರು ‘ಆಗಬಹುದು’ ಎಂದರೆ, ಎಲ್ಲವನ್ನೂ ತಿಳಿದವರು ಒಪ್ಪಿದರೆ, ರೋಗವಿಲ್ಲದ ಕಣ್ಣನ್ನು ಮುಟ್ಟಿದ್ದು ಅನ್ಯಾಯವಾಗದು. ರೆಪ್ಪೆಯನ್ನು ಸರಿಸಿದ ಹೊತ್ತಿನಲ್ಲಿ ಕಣ್ಣಿಗಿರುವ ಕಾವಲು ವೈದ್ಯರ ಕೈ ಮಾತ್ರವಲ್ಲ, ಅದಕ್ಕೂ ಮುಂಚೆ ಅವರು ಆಡಿದ ನಿಜವಾದ ಮಾತು.