ಬೀಳೋದನ್ನ ಅಭ್ಯಾಸ ಮಾಡುವುದು ಅವಿಶ್ವಾಸವೇ?

ಯೌವನಸ್ಥರೇ, ಇವತ್ತು ಸ್ವಲ್ಪ ಬೇರೆ ತರಹದ ಪ್ರಶ್ನೆ. ನಿಮ್ಮಲ್ಲಿ ಕೆಲವರು ರಜೆ ಸಿಕ್ಕರೆ ಉಡುಪಿ ಜಿಲ್ಲೆಯ ಸಾಲಿಗ್ರಾಮಕ್ಕೆ ಹೋಗಿ, ಸೀತಾ ನದಿಯ ಹಿನ್ನೀರಲ್ಲಿ ಕಾಂಡ್ಲಾ ಕಾಡಿನ ಮಧ್ಯೆ ಕಯಾಕ್ ಓಡಿಸ್ತೀರಿ. ಈಗ ಅದರಲ್ಲೇ ಕೂತು ಗಾಳ ಹಾಕುವ ಆಸೆ ಬೇರೆ. "ಬಿದ್ರೆ ವಾಪಸ್ ಹತ್ತೋಕೆ ಬರುತ್ತಾ?" ಅಂತ ಕೇಳಿದ್ರೆ ಉತ್ತರ ಹೀಗಿರುತ್ತೆ: "ದೇವರು ಕಾಪಾಡ್ತಾನೆ ಬ್ರದರ್. ಬೀಳೋದನ್ನ ಯಾರಾದ್ರೂ ಪ್ರಾಕ್ಟೀಸ್ ಮಾಡ್ತಾರಾ?"

ಇದಕ್ಕೆ ಸೆಲ್ಫ್ ರೆಸ್ಕ್ಯೂ ಅಂತಾರೆ, ತನ್ನನ್ನು ತಾನೇ ರಕ್ಷಿಸಿಕೊಳ್ಳುವುದು. ನಮ್ಮ ಕಿವಿಗೆ ಈ ಮಾತು ಸ್ವಲ್ಪ ಚುಚ್ಚುತ್ತೆ ನಿಜ. ಯಾರೂ ತನ್ನನ್ನು ತಾನು ರಕ್ಷಿಸಿಕೊಳ್ಳಲಾರ ಅಂತ ಸಾರುವವರು ನಾವು. ಆದರೆ ಪಾಪದಿಂದ ಬಿಡುಗಡೆ ಬೇರೆ, ಮಗುಚಿದ ಕಯಾಕ್ ಬೇರೆ. ಶಬ್ದ ಒಂದೇ ಅಂತ ಸೋಮಾರಿತನಕ್ಕೆ ವಾಕ್ಯದ ನೆಪ ಹಾಕಬಾರದು. ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ನೋಡಿ. ಹಡಗಿನಲ್ಲಿ 276 ಮಂದಿ. ಒಬ್ಬರ ಪ್ರಾಣವೂ ಹೋಗಲ್ಲ ಎಂಬ ವಾಗ್ದಾನ ಪೌಲನಿಗೆ ಮೊದಲೇ ಸಿಕ್ಕಿತ್ತು. ಆದರೂ ಈಜು ಬಲ್ಲವರು ಮೊದಲು ನೀರಿಗೆ ಹಾರಬೇಕು, ಉಳಿದವರು ಹಲಗೆ ಹಿಡಿದು ಬರಬೇಕು ಅಂತ ಶತಾಧಿಪತಿ ಅಪ್ಪಣೆ ಕೊಟ್ಟ. ವಾಗ್ದಾನವೂ ಇತ್ತು, ಈಜೂ ಬೇಕಾಯಿತು.

ಮೀನು ಹಿಡಿಯುವ ಕಯಾಕ್ ಸಾಮಾನ್ಯವಾಗಿ ಮೇಲೆ ಕೂರುವಂಥದ್ದು. ಅಗಲ, ಭಾರ, ಕೆಲವು 40 ಕಿಲೋ ದಾಟುತ್ತವೆ. ಅಗಲ ಇರೋದ್ರಿಂದ ಬೇಗ ಮಗುಚಲ್ಲ. ಆದರೆ ಮಗುಚಿದ ಮೇಲೆ ಅದೇ ಅಗಲದಿಂದ ತಲೆಕೆಳಗಾಗಿಯೂ ಗಟ್ಟಿಯಾಗಿ ನಿಲ್ಲುತ್ತೆ! ಬಿದ್ದವನು ಕಯಾಕ್ ಬಿಟ್ಟು ದೂರ ಹೋಗಬಾರದು. ಆಚೆ ಬದಿಯ ಅಂಚನ್ನೋ ಪಟ್ಟಿಯನ್ನೋ ಹಿಡಿದು, ಮೈಭಾರ ಹಾಕಿ ತನ್ನ ಕಡೆ ಎಳೆದು ನೆಟ್ಟಗೆ ಮಾಡಬೇಕು. ನಡುಭಾಗಕ್ಕೆ ಬಂದು, ಕಾಲು ನೀರಿನ ಮೇಲಕ್ಕೆ ಬರುವ ತನಕ ಒದೆಯುತ್ತಾ, ಹೊಟ್ಟೆಯನ್ನು ಕಯಾಕ್ ಮೇಲೆ ಅಡ್ಡಡ್ಡ ಎಳೆದುಕೊಳ್ಳಬೇಕು. ಆಮೇಲೆ ಹೊರಳಿ ಕೂರುವುದು, ಕಾಲು ಕೊನೆಗೆ. ಕೇಳೋಕೆ ಸುಲಭ. ಲೈಫ್ ಜಾಕೆಟ್ ಅಂಚಿಗೆ ಸಿಕ್ಕಿಕೊಂಡು, ಗಾಳದ ದಾರ ಕಾಲಿಗೆ ಸುತ್ತಿಕೊಂಡಾಗ ಬೇರೆಯೇ ಕಥೆ. ಆ ದಾರ ಕತ್ತರಿಸುವ ಚಾಕು ಜಾಕೆಟ್‌ನಲ್ಲಿರಬೇಕು, ಡಬ್ಬಿಯೊಳಗಲ್ಲ.

ಬಿದ್ದ ತಕ್ಷಣ ಕೈ ಎಲ್ಲಿಗೆ ಹೋಗುತ್ತೆ ಹೇಳಿ? ಸಾವಿರಾರು ರೂಪಾಯಿ ಕೊಟ್ಟು ತಂದ ರಾಡ್ ಕಡೆಗೆ. ರಾಡ್ ಹಿಡಿದ ಕೈಯಲ್ಲಿ ಕಯಾಕ್ ಹತ್ತೋಕಾಗಲ್ಲ. ಮೊದಲು ಮನುಷ್ಯ, ಆಮೇಲೆ ಕಯಾಕ್ ಮತ್ತು ಹುಟ್ಟು, ಸಾಮಾನು ಕಡೆಗೆ. ಇದು ತಲೆಗೆ ಗೊತ್ತು. ಆದರೆ ಆ ಗಳಿಗೆಯಲ್ಲಿ ಕೈ ಪ್ರಸಂಗ ಕೇಳಲ್ಲ, ರೂಢಿಯಾದದ್ದನ್ನೇ ಮಾಡುತ್ತೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಕೊರೆಯುವ ತಣ್ಣೀರಿಗೆ ಹೇಳುವ ಲೆಕ್ಕ ಇದು: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಕೆಲಸಕ್ಕೆ ಬರುವುದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪುವ ಮುಂಚೆ ಸುಮಾರು 1 ಗಂಟೆ. ನಮ್ಮ ಹಿನ್ನೀರು ಅಷ್ಟು ತಣ್ಣಗಿಲ್ಲ. ಆದರೂ ಹತ್ತಲು ಹೋಗಿ ಜಾರಿದಾಗೆಲ್ಲ ಇರುವ ಶಕ್ತಿ ಕರಗುತ್ತೆ.

"ಸತ್ರೆ ಪರಲೋಕಕ್ಕೆ ಹೋಗ್ತೀನಿ, ನನಗೇನು ಭಯ?" ಅನ್ನೋ ಧೈರ್ಯವಂತರೂ ನಮ್ಮಲ್ಲಿದ್ದಾರೆ. ಸ್ತೋತ್ರ! ಆದರೆ ತಮ್ಮಾ, ನಿನ್ನ ಜೊತೆ ಬಂದವನು ದಡದಲ್ಲಿ ಕೈಕಟ್ಟಿ ನಿಲ್ತಾನಾ? ಈಜು ಬರದಿದ್ರೂ ಹಾರ್ತಾನೆ. ಮುಳುಗುವವನು ಗಾಬರಿಯಲ್ಲಿ ಹತ್ತಿರ ಬಂದವನನ್ನೇ ಅಪ್ಪಿ ಕೆಳಗೆ ಒತ್ತುತ್ತಾನೆ. ನಿನ್ನ ಧೈರ್ಯಕ್ಕೆ ಬೆಲೆ ತೆರೋದು ಅವನ ತಾಯಿ. ಹಾಗಾಗಿ ಈ ಅಭ್ಯಾಸವನ್ನ ನಾನು ಸ್ವಂತ ಜಾಗ್ರತೆಯ ಲೆಕ್ಕಕ್ಕೆ ಹಾಕಲ್ಲ, ನೆರೆಯವನನ್ನು ಪ್ರೀತಿಸುವ ಲೆಕ್ಕಕ್ಕೆ ಹಾಕ್ತೀನಿ.

ಅಭ್ಯಾಸದಿಂದ ಅಹಂಕಾರ ಬರಲ್ವಾ ಅಂತ ಕೇಳಬಹುದು. ಮಾಡಿ ನೋಡಿ, ಮೂರನೇ ಸಲಕ್ಕೇ ಏದುಸಿರು ಬರುತ್ತೆ. ಶಾಂತ ನೀರು, ದಡ ಹತ್ತಿರ, ಹಗಲು, ಪಕ್ಕದಲ್ಲಿ ಬಲ್ಲವರೊಬ್ಬರು. ಕೊಕ್ಕೆಗಳನ್ನೆಲ್ಲ ತೆಗೆದಿಟ್ಟು, ಮೀನಿಗೆ ಹೋಗುವ ಬಟ್ಟೆಯಲ್ಲೇ, ಜಾಕೆಟ್ ಹಾಕಿಕೊಂಡೇ ಬೇಕಂತಲೇ ಬೀಳಿ. ಕೆಲವರಿಗೆ ಎಷ್ಟು ಸಲ ಮಾಡಿದ್ರೂ ಹತ್ತೋಕೆ ಆಗಲ್ಲ. ಅಂಥವರು ಸದ್ಯಕ್ಕೆ ದಡದಲ್ಲೇ ಕೂತು ಗಾಳ ಹಾಕಲಿ, ಅಲ್ಲೂ ಮೀನು ಕಚ್ಚುತ್ತೆ.