ಬನ್ನಿಮರದ ಗಂಟು



ಶೌಚದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸತ್ಸಂಗದವರು ಕೇಳಿದಾಗ ನಮಗೆ ಮೊದಲು ನೆನಪಾದದ್ದು ಗಂಗಾಸ್ನಾನವಲ್ಲ, ಏಕಾದಶಿಯ ಮಡಿಯೂ ಅಲ್ಲ. ನಮ್ಮ ಬೇಸ್‌ಮೆಂಟಿನ ಮೂಲೆಯಲ್ಲಿರುವ ಹಾಕಿ ಚೀಲ. ದಯವಿಟ್ಟು ನಗಬೇಡಿ. ಕೆನಡಾದಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಆ ಚೀಲದ ಜಿಪ್ ಎಳೆದಾಗ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. (ನಮ್ಮ ಕಡೆ ಹಾಕಿ ಎಂದರೆ ಕೊಡಗಿನವರ ಮೈದಾನದ ಆಟ. ಇಲ್ಲಿ ಬರೀ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನದು. 1994ರ ಕಾಯ್ದೆಯ ಪ್ರಕಾರ ಈ ದೇಶದ ಚಳಿಗಾಲದ ರಾಷ್ಟ್ರೀಯ ಕ್ರೀಡೆ.)

2016ರಲ್ಲಿ ಆಯುಧಪೂಜೆ ಥ್ಯಾಂಕ್ಸ್‌ಗಿವಿಂಗ್ ಸೋಮವಾರವೇ ಬಂದಿತ್ತು. ರಜೆಯ ದಿನ, ದೇವಸ್ಥಾನದ ಪಾರ್ಕಿಂಗ್ ಲಾಟ್ ತುಂಬಾ ಕಾರುಗಳು. ಅರ್ಚಕರು ಒಂದೊಂದಕ್ಕೂ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸುತ್ತಿದ್ದರು. ಆಗ ನಮ್ಮ ಮಗನಿಗೆ ಹನ್ನೊಂದು ವರ್ಷ. ಅವನು ನಮ್ಮನ್ನು ಕೇಳದೆ ಕಾರಿನ ಹಿಂಬದಿಯಿಂದ ತನ್ನ ಹಾಕಿ ಚೀಲ ಎಳೆದು ತಂದು ಸಾಲಿನಲ್ಲಿ ನಿಂತ. "ನನ್ನ ಆಯುಧ ಇದೇ ಅಲ್ವಾ?" ಅಂದ. ಜಿಪ್ ತೆಗೆದ. ಪಕ್ಕದಲ್ಲಿದ್ದವರು ಸೀರೆ ಸೆರಗನ್ನು ಮೂಗಿಗೆ ಹಿಡಿದರು. ನಮಗೆ ನಾಚಿಕೆಯಾಯಿತು. "ಛೀ, ಗಲೀಜು, ಅದರಲ್ಲಿ ಬೂಟ್ಸ್ ಬೇರೆ ಇದೆ, ದೇವರ ಹತ್ತಿರ ತರ್ತಾರೇನೋ? ಒಳಗಿಡು" ಎಂದು ಗದರಿದೆವು. ಅವನು ಮಾತಾಡದೆ ಚೀಲ ಕಾರಿಗೆ ಹಾಕಿದ. ಅದೇ ಕಾರಿಗೆ, ಚರ್ಮದ ಸೀಟಿನ ಕಾರಿಗೆ, ಐದು ನಿಮಿಷದಲ್ಲಿ ಮಂಗಳಾರತಿ ಆಯಿತು.

ನಾವು ಇದನ್ನು ಮರೆತೆವು, ಅವನು ಮರೆಯಲಿಲ್ಲ. ಮುಂದಿನ ವರ್ಷ ನಾವೇ ಕರೆದರೂ ಅವನು ಕಾರಿನಿಂದ ಇಳಿಯಲಿಲ್ಲ. "ಅಲ್ಲಿ ನಿಮ್ಮ ವಸ್ತುಗಳಿಗೆ ಮಾತ್ರ ಪೂಜೆ" ಎಂದ. ಬಾಂಧವರೇ, ನಮ್ಮ ಮಕ್ಕಳು ದೇವಸ್ಥಾನದಿಂದ ದೂರವಾಗುವುದಕ್ಕೆ ನಾವು ದೊಡ್ಡ ದೊಡ್ಡ ಕಾರಣಗಳನ್ನು ಹುಡುಕುತ್ತೇವೆ, ಈ ದೇಶದ ಸಂಸ್ಕೃತಿ ಅದು ಇದು ಎನ್ನುತ್ತೇವೆ. ನಮ್ಮ ಮನೆಯಲ್ಲಿ ಕಾರಣ ಇಷ್ಟೇ ಆಗಿತ್ತು.

ಆಯುಧಪೂಜೆಯ ಹಿಂದಿರುವ ಕಥೆ ನಿಮಗೆಲ್ಲ ಗೊತ್ತು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ವಿರಾಟನಗರದ ಸ್ಮಶಾನದ ಬಳಿಯ ಬನ್ನಿಮರದಲ್ಲಿ ಆಯುಧಗಳನ್ನು ಬಚ್ಚಿಟ್ಟರು. ನಾವು ಚಿಕ್ಕಂದಿನಿಂದ ಕೇಳಿಯೂ ಗಮನಿಸದ ಎರಡು ಸಂಗತಿಗಳು ವ್ಯಾಸ ಭಾರತದ ವಿರಾಟಪರ್ವದಲ್ಲಿವೆ. ಒಂದು, ಅವರು ಬಿಲ್ಲುಗಳನ್ನು ಹಾಗೇ ಎಸೆದು ಹೋಗಲಿಲ್ಲ. ಹೆದೆ ಇಳಿಸಿದರು. ನಕುಲ ಮರ ಹತ್ತಿ, ಮಳೆನೀರು ತಾಗದ ಗಟ್ಟಿ ಕೊಂಬೆ ನೋಡಿ ಅಲ್ಲಿ ಬಿಗಿಯಾಗಿ ಕಟ್ಟಿದ. ಹದಿಮೂರನೆಯ ವರ್ಷದ ಕಷ್ಟ ತಲೆಯ ಮೇಲಿದ್ದಾಗಲೂ ಒಣಗಿದ ಜಾಗ ಯಾವುದು ಎಂದು ಹುಡುಕುವ ವ್ಯವಧಾನ ಅವರಿಗಿತ್ತು. ಎರಡನೆಯದು, ಜನ ಹತ್ತಿರ ಬರಬಾರದೆಂದು ಅದರ ಜೊತೆಗೆ ಒಂದು ಹೆಣವನ್ನೂ ಕಟ್ಟಿದರು. ದುರ್ವಾಸನೆಯೇ ಕಾವಲು! ನಮ್ಮ ಮಕ್ಕಳ ಹಾಕಿ ಚೀಲವನ್ನು ಯಾರೂ ಕದಿಯದಿರುವುದಕ್ಕೂ ಇದೇ ಕಾರಣವಿದ್ದೀತು.

ವರ್ಷ ಕಳೆದ ಮೇಲೆ ಬೃಹನ್ನಳೆ ಉತ್ತರಕುಮಾರನಿಗೆ ಮರ ಹತ್ತಲು ಹೇಳುತ್ತಾನೆ. ಉತ್ತರ ಹಿಂಜರಿಯುತ್ತಾನೆ: ಅಲ್ಲಿ ಹೆಣವಿದೆಯಂತೆ, ರಾಜಪುತ್ರನಾದ ನಾನು ಮುಟ್ಟಿ ಮೈಲಿಗೆಯಾಗಲೇ? ಅದು ಹೆಣವಲ್ಲ, ಬಿಲ್ಲು, ಹತ್ತು ಎಂದು ಅರ್ಜುನ ಧೈರ್ಯ ಹೇಳುತ್ತಾನೆ. ಉತ್ತರ ಹತ್ತಿ, ಗಂಟು ಬಿಚ್ಚಿದಾಗ ಒಳಗೆ ಗಾಂಡೀವ ಹೊಳೆಯುತ್ತಿರುತ್ತದೆ. ಪಾರ್ಕಿಂಗ್ ಲಾಟಿನಲ್ಲಿ ನಾವು ಉತ್ತರಕುಮಾರರಾಗಿದ್ದೆವು. ವ್ಯತ್ಯಾಸವೆಂದರೆ ನಮಗೆ ಗಂಟು ಬಿಚ್ಚುವ ಧೈರ್ಯ ಬರಲಿಲ್ಲ.

ಯೋಗಶಾಸ್ತ್ರದ ಐದು ನಿಯಮಗಳಲ್ಲಿ ಮೊದಲನೆಯದು ಶೌಚ. ಗೀತೆ ಅದನ್ನು ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನದ ಲಕ್ಷಣಗಳಲ್ಲಿ, ಹದಿನೇಳರಲ್ಲಿ ಶರೀರದ ತಪಸ್ಸಿನಲ್ಲಿ ಸೇರಿಸಿದೆ. ತಪಸ್ಸು ಎಂದ ಮೇಲೆ ಅದು ಮಾಡುವ ಕೆಲಸ. ಕೊಳೆಯಿಂದ ದೂರ ನಿಲ್ಲುವುದು ಸುಲಭ, ಅದಕ್ಕೆ ತಪಸ್ಸು ಬೇಡ. ಕೈಹಾಕಿ ಕೊಳೆ ತೆಗೆಯುವುದೇ ಶೌಚ. ಬಟ್ಟೆ ಒಗೆಯುವುದನ್ನೇ ಕಾಯಕ ಮಾಡಿಕೊಂಡ ಮಡಿವಾಳ ಮಾಚಿದೇವರನ್ನು ಕಲ್ಯಾಣದ ಶರಣರು ತಲೆಯ ಮೇಲಿಟ್ಟು ಗೌರವಿಸಿದ ನಾಡು ನಮ್ಮದು. ಇದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಆದರೂ ಕಲಿಸಬೇಕಾಗಿ ಬಂತು.

2017ರ ಚಳಿಗಾಲದಲ್ಲಿ ಮಗನ ಮೊಣಕೈಯಲ್ಲಿ ಕೆಂಪು ಗುಳ್ಳೆಗಳೆದ್ದವು, ಕೀವೂ ಬಂತು. ವೈದ್ಯರು ನೋಡಿ, ಚರ್ಮದ ಸೋಂಕು, ಔಷಧ ಕೊಡುತ್ತೇನೆ ಎಂದವರು ಒಂದು ಪ್ರಶ್ನೆ ಕೇಳಿದರು: "ಈ ಎಲ್ಬೋ ಪ್ಯಾಡ್ ಕೊನೆಯ ಸಲ ತೊಳೆದದ್ದು ಯಾವಾಗ?" ನಾವಿಬ್ಬರೂ ಪರಸ್ಪರ ಮುಖ ನೋಡಿಕೊಂಡೆವು. ಕೊಂಡು ಎರಡು ವರ್ಷವಾಗಿತ್ತು. ಅದನ್ನು ತೊಳೆಯಬಹುದು ಎಂಬುದೇ ನಮಗೆ ಗೊತ್ತಿರಲಿಲ್ಲ. ಬೆವರಿಗೆ ಸ್ವತಃ ವಾಸನೆ ಹೆಚ್ಚಿಲ್ಲವಂತೆ. ಒದ್ದೆಯಲ್ಲಿ, ಕತ್ತಲಲ್ಲಿ, ಬೆಚ್ಚಗೆ ಮುಚ್ಚಿಟ್ಟಾಗ ಬ್ಯಾಕ್ಟೀರಿಯಾ ಬೆಳೆದು ಬೆವರನ್ನು ಒಡೆಯುತ್ತವೆ, ಆ ವಾಸನೆ ಅವುಗಳದ್ದು. ತರಚಿದ ಚರ್ಮ ಸಿಕ್ಕರೆ ಅಲ್ಲಿಂದ ಒಳಗೆ ಹೋಗುತ್ತವೆ. ಗಲೀಜು ಎಂದು ಮಗುವನ್ನು ಬೈದಿದ್ದೆವು, ಗಲೀಜಿನಲ್ಲಿಟ್ಟಿದ್ದವರು ನಾವೇ.

ಆಗ ನಮ್ಮ ಅಮ್ಮ ತುಮಕೂರಿನಿಂದ ಬಂದು ಆರು ತಿಂಗಳು ನಮ್ಮ ಜೊತೆಗಿದ್ದರು. ಮಡಿ ಎಂದರೆ ಮಡಿ. ಅವರು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತು ಚೀಲ ನೋಡಿದರು. "ಆಟ ಆದ್ಮೇಲೆ ಇದನ್ನ ಹಾಗೇ ಮುಚ್ಚಿಡ್ತೀರೇನೋ? ಒದ್ದೆ ಬಟ್ಟೆ ಮುದುರಿಟ್ರೆ ಮುಗ್ಗಲು ಬರಲ್ವೇ? ದೇವರ ಪೂಜೆಗೆ ಮೊದಲು ನಿರ್ಮಾಲ್ಯ ತೆಗೀಬೇಕು ಕಣೋ. ನಿನ್ನೆ ಹೂವಿನ ಮೇಲೆ ಇವತ್ತಿನ ಹೂವು ಇಡೋ ಹಾಗಿದೆ ನಿಮ್ಮ ಕೆಲಸ" ಎಂದರು. ಊರಿನಲ್ಲಿ ಮಡಿಬಟ್ಟೆಯನ್ನು ಕೋಲಿನಿಂದ ಮೇಲಿನ ಗಳಕ್ಕೆ ಹಾಕಿ ಗಾಳಿಗೆ ಒಣಗಿಸುತ್ತಿದ್ದುದು ನೆನಪಾಯಿತು. ಇಲ್ಲಿ ಜನವರಿಯಲ್ಲಿ ಬಿಸಿಲಿಲ್ಲ, ಗಳವೂ ಇಲ್ಲ. ಬೇಸ್‌ಮೆಂಟಿನಲ್ಲಿ ಹಗ್ಗ ಕಟ್ಟಿದೆವು, ಒಂದು ಹಳೆಯ ಟೇಬಲ್ ಫ್ಯಾನ್ ಇಟ್ಟೆವು. ಹೀಟರ್ ಓಡುವ ಮನೆಯ ಗಾಳಿ ಚಳಿಗಾಲದಲ್ಲಿ ಎಷ್ಟು ಒಣಗಿರುತ್ತದೆಂದರೆ ರಾತ್ರಿ ನೇತುಹಾಕಿದ್ದು ಬಹುಮಟ್ಟಿಗೆ ಬೆಳಿಗ್ಗೆಗೆ ಒಣಗಿರುತ್ತದೆ. ಗರಾಜಿನಲ್ಲಿಟ್ಟರೆ ಹೆಪ್ಪುಗಟ್ಟಿ ವಾಸನೆ ಹೋಯಿತು ಎನ್ನಿಸುತ್ತದೆ, ಆದರೆ ಕ್ರಿಮಿಗಳು ಸುಮ್ಮನೆ ಮಲಗಿರುತ್ತವೆ ಅಷ್ಟೇ. ರಿಂಕಿನಲ್ಲಿ ಮೈಬಿಸಿ ತಾಗಿದ ಕೂಡಲೇ ಏಳುತ್ತವೆ.

ಅಂದಿನಿಂದ ನಮ್ಮ ಮನೆಯ ಕ್ರಮ ಹೀಗೆ. ರಾತ್ರಿ ಹತ್ತಾಗಲಿ ಹನ್ನೊಂದಾಗಲಿ, ಚೀಲ ಖಾಲಿಯಾಗದೆ ಯಾರೂ ಮಲಗುವಂತಿಲ್ಲ. ಒಳ ಉಡುಪು, ಸಾಕ್ಸ್, ಜರ್ಸಿ, ಕತ್ತಿನ ಗಾರ್ಡ್ ಆಗಲೇ ವಾಷಿಂಗ್ ಮೆಷಿನ್ನಿಗೆ. ಪ್ಯಾಡುಗಳೆಲ್ಲ ಹಗ್ಗಕ್ಕೆ. ತಿಂಗಳಿಗೊಮ್ಮೆ ಬಾತ್ ಟಬ್ಬಿನಲ್ಲಿ ತಣ್ಣೀರು ತುಂಬಿ, ಸ್ವಲ್ಪ ಸೌಮ್ಯ ಸೋಪು ಹಾಕಿ, ಶೋಲ್ಡರ್ ಪ್ಯಾಡ್, ಎಲ್ಬೋ ಪ್ಯಾಡ್, ಶಿನ್ ಪ್ಯಾಡುಗಳನ್ನು ನೆನೆಸಿ ಕೈಯಿಂದ ಹಿಚುಕುತ್ತೇವೆ. ಮೊದಲ ಸಲ ಬಂದ ನೀರಿನ ಬಣ್ಣ ನೋಡಿ ಅಮ್ಮ "ರಾಮ ರಾಮ" ಎಂದು ಮೇಲೆ ಹೋಗಿಬಿಟ್ಟರು. ವಾಸನೆ ಹಠಮಾರಿಯಾಗಿದ್ದರೆ ನೀರಿಗೆ ಬಿಳಿ ವಿನೆಗರ್ ಸೇರಿಸಬಹುದು. ಆದರೆ ಅದರ ಜೊತೆ ಬ್ಲೀಚ್ ಮಾತ್ರ ಖಂಡಿತ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಡ್ರೈಯರಿಗೆ ಹಾಕಿದರೆ ಪ್ಯಾಡಿನ ಒಳಗಿನ ಫೋಮ್ ಕೆಡುತ್ತದೆ. ಗ್ಲೌಸಿನ ಅಂಗೈ ಬಿಸಿಗೆ ಹಪ್ಪಳದಂತೆ ಗಟ್ಟಿಯಾಗುತ್ತದೆ, ಬಾಯಿ ಅಗಲಿಸಿ ಫ್ಯಾನಿಗೆ ಎದುರಾಗಿಡಿ.

ಸ್ಕೇಟುಗಳ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ನಿಜಕ್ಕೂ ಆಯುಧ. ಅಲಗಿನ ಕೆಳಭಾಗ ಚಪ್ಪಟೆಯಲ್ಲ, ನಡುವೆ ಸಣ್ಣ ಕಾಲುವೆಯಿದ್ದು ಎರಡು ಅಂಚುಗಳಿವೆ. ಆ ಅಂಚುಗಳ ಮೇಲೆಯೇ ಮಗು ತಿರುಗುತ್ತದೆ, ನಿಲ್ಲುತ್ತದೆ. ಆಟವಾದ ಕೂಡಲೇ ಒಣ ಬಟ್ಟೆಯಿಂದ ಅಲಗು, ಅಲಗಿನ ಸಂದಿ ಎಲ್ಲ ಒರೆಸಬೇಕು. ನಡೆಯುವಾಗ ಹಾಕುವ ಪ್ಲಾಸ್ಟಿಕ್ ಗಾರ್ಡನ್ನು ಹಾಗೇ ಬಿಟ್ಟರೆ ಅದರೊಳಗಿನ ನೀರಿಗೆ ತುಕ್ಕು ಹಿಡಿಯುತ್ತದೆ. ಚೀಲದಲ್ಲಿಡುವಾಗ ಬಟ್ಟೆಯ ಹೊದಿಕೆಯೇ ಬೇಕು. ಬೂಟಿನ ನಾಲಗೆ ಮುಂದಕ್ಕೆ ಎಳೆದು, ಒಳಗಿನ ಮೆತ್ತೆ ತೆಗೆದು ಒಣಗಿಸಿ, ಹೀಟರಿನ ಹತ್ತಿರ ಮಾತ್ರ ಬೇಡ, ಅಂಟು ಬಿಡುತ್ತದೆ. ಅಂಚು ಮೊಂಡಾಯಿತೇ ಎಂದು ನೋಡಲು ಉಗುರನ್ನು ಅಲಗಿಗೆ ಅಡ್ಡವಾಗಿ ಮೆಲ್ಲಗೆ ತಾಗಿಸಿ. ಉಗುರು ತುಸುವೂ ಹೆರೆಯದಿದ್ದರೆ ಸಾಣೆ ಹಿಡಿಸುವ ಹೊತ್ತು. ಇದನ್ನು ದೊಡ್ಡವರೇ ಮಾಡಿ.

ಹೆಲ್ಮೆಟ್ಟನ್ನು ಉಗುರುಬೆಚ್ಚಗಿನ ಸೋಪುನೀರಿನ ಬಟ್ಟೆಯಿಂದ ಒರೆಸಿ, ಸ್ಕ್ರೂಗಳು ಸಡಿಲವಾಗಿವೆಯೇ, ಬಿರುಕು ಬಿಟ್ಟಿದೆಯೇ ನೋಡುವುದು. ಬಿರುಕಿದ್ದರೆ ಮುಲಾಜಿಲ್ಲದೆ ಬಿಸಾಡಬೇಕು, ಎಷ್ಟೇ ದುಡ್ಡು ಕೊಟ್ಟಿರಲಿ. ಮೌತ್‌ಗಾರ್ಡನ್ನು ಬ್ರಷ್ಷಿನಿಂದ ತಣ್ಣೀರಿನಲ್ಲೇ ತೊಳೆಯಿರಿ, ಬಿಸಿನೀರಿಗೆ ಅದರ ಆಕಾರ ಹೋಗುತ್ತದೆ.

ಇದರಲ್ಲಿ ಅಧ್ಯಾತ್ಮ ಎಲ್ಲಿದೆ ಎಂದು ಕೇಳುವವರಿದ್ದೀರಿ. ಮೊದಮೊದಲು ನಾವೇ ತೊಳೆಯುತ್ತಿದ್ದೆವು, ಒಂದು ರೀತಿಯ ಪ್ರಾಯಶ್ಚಿತ್ತ ಎಂದುಕೊಂಡು. ಮಗ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ. ಮೂರನೆಯ ಸಲವೋ ನಾಲ್ಕನೆಯ ಸಲವೋ ಕೆಳಗಿಳಿದು ಬಂದು, ತೋಳು ಮಡಿಸಿ, ಟಬ್ಬಿಗೆ ಕೈಹಾಕಿದ. ಏನೂ ಮಾತಾಡಲಿಲ್ಲ. ನಾವೂ ಆಡಲಿಲ್ಲ. ಅವತ್ತೇ ನಾವು ಅವನ ಹತ್ತಿರ ಕ್ಷಮೆ ಕೇಳಿದೆವು ಎಂದು ಹೇಳಿಕೊಳ್ಳಲು ಆಸೆ, ಆದರೆ ಅದಕ್ಕೆ ಇನ್ನೂ ಕೆಲವು ತಿಂಗಳು ಹಿಡಿಯಿತು. ಹೊರಗಿನ ಶೌಚ ಒಂದು ರಾತ್ರಿಯ ಕೆಲಸ, ಒಳಗಿನದಕ್ಕೆ ಹೊತ್ತು ಬೇಕು. 2018ರ ನವಮಿಯ ಹಿಂದಿನ ರಾತ್ರಿ ಅವನೇ ಸ್ಟಿಕ್ಕಿನ ಹಳೆಯ ಟೇಪ್ ಕಿತ್ತು ಹೊಸದು ಸುತ್ತಿ, ಸ್ಕೇಟು ಒರೆಸಿ, "ನಾಳೆ ಇದನ್ನ ಎಲ್ಲಿಡಲಿ?" ಎಂದು ಕೇಳಿದ. ಅಜ್ಜಿಗೆ ಫೋನ್ ಮಾಡಿದೆವು. ಪಾದರಕ್ಷೆ ಗುಡಿಯ ಒಳಗೆ ಬೇಡ, ಹೊರಗೆ ಅಂಗಳದಲ್ಲಿಡಿ, ನೇಗಿಲು ಗಾಡಿ ಎಲ್ಲ ಅಂಗಳದಲ್ಲೇ ಅಲ್ವೇ ಪೂಜೆ ಮಾಡ್ತಿದ್ದದ್ದು ಎಂದರು.

ಈಗ ಮಗ ವಿಶ್ವವಿದ್ಯಾಲಯದಲ್ಲಿದ್ದಾನೆ. ಬೇಸ್‌ಮೆಂಟಿನಲ್ಲಿರುವುದು ಮಗಳ ಚೀಲ. ಅಣ್ಣನ ಶಿನ್ ಪ್ಯಾಡುಗಳನ್ನೇ ಅವಳು ಹಾಕುತ್ತಾಳೆ, ಹೆಲ್ಮೆಟ್ ಮಾತ್ರ ಹೊಸದು. ಚೆನ್ನಾಗಿ ಇಟ್ಟುಕೊಂಡ ಸಾಮಾನು ಇನ್ನೊಂದು ಮಗುವಿಗಾಗುತ್ತದೆ, ಮತ್ತು ಈ ಆಟದ ಖರ್ಚು ಹೊಸದಾಗಿ ಬಂದ ಸಂಸಾರಗಳಿಗೆ ಎಷ್ಟು ಭಾರ ಎಂಬುದನ್ನು ನಾವೆಲ್ಲ ಬಲ್ಲೆವು. ನಿಮ್ಮ ಮಕ್ಕಳಿಗೆ ಚಿಕ್ಕದಾದದ್ದು, ತೊಳೆದು ಒಣಗಿಸಿದ್ದು ಇದ್ದರೆ ತನ್ನಿ.

ಈ ವರ್ಷದ ಆಯುಧಪೂಜೆಗೆ ಮುಖ್ಯದ್ವಾರದ ಹೊರಗೆ, ಚಪ್ಪಲಿ ಗೂಡಿನ ಆಚೆ ಬದಿಗೆ ಎರಡು ಮೇಜು ಹಾಕುತ್ತೇವೆ. ಅರ್ಚಕರು ಒಪ್ಪಿದ್ದಾರೆ. ಸ್ಕೇಟುಗಳಿಗೆ ಹೊದಿಕೆ ಹಾಕಿ ತನ್ನಿ, ಚಿಕ್ಕ ಮಕ್ಕಳು ಓಡಾಡುತ್ತಿರುತ್ತಾರೆ. ಕುಂಕುಮವನ್ನು ಸ್ಟಿಕ್ಕಿಗೆ ಮಾತ್ರ ಹಚ್ಚೋಣ. ಹೆಲ್ಮೆಟ್ಟಿಗೆ ಒಂದು ಹೂವು ಸಾಕು. ಹಿಂದಿನ ರಾತ್ರಿ ಪ್ರಾಕ್ಟೀಸ್ ಇದ್ದು ಗ್ಲೌಸ್ ಒಣಗಿಲ್ಲವೆಂದು ಯಾವ ಮಗುವೂ ಕಾರಿನಲ್ಲೇ ಕೂರುವುದು ಬೇಡ. ಫ್ಯಾನ್ ನಾವು ತರುತ್ತೇವೆ.